ಮೀಸೆಯ ಬಾಣಂತಿ

ಕಂಬಳಿಯ ತಲೆ ಯಾವುದು, ಕಾಲು ಯಾವುದು ಎಂದು ತಿಳಿಯದ ಗಂಡಸು ಲೆಸೊಥೊದ ಇಡೀ ಬೆಟ್ಟಸೀಮೆಯಲ್ಲಿ ಒಬ್ಬನೇ ಒಬ್ಬನಿದ್ದ. ಅವನು ನಮ್ಮ ಹಾ-ಮೋಕೊ ಊರಿನವನೇ ಆಗಿದ್ದುದು ನಮ್ಮ ಪುಣ್ಯ. ಹೆಸರು ಮೊಹಾಪಿ. ಕಸುಬು ರೇಡಿಯೊ, ಟಾರ್ಚು, ಮೊಬೈಲು ರಿಪೇರಿ. ಕಸುಬಿನಲ್ಲಿ ಕೈ ಚುರುಕೇ. ಆದರೆ ಪ್ರಾಯದ ವರ್ಷಗಳನ್ನೆಲ್ಲ ಅವನು ದಕ್ಷಿಣ ಆಫ್ರಿಕಾದ ಡರ್ಬನ್ನಿನ ಸಮುದ್ರದ ದಂಡೆಯಲ್ಲಿ ಕಳೆದಿದ್ದ. ಅಲ್ಲಿ ನಡುಚಳಿಗಾಲದ ಜುಲೈ ತಿಂಗಳಲ್ಲೂ ಜನ ಅರ್ಧ ತೋಳಿನ ಅಂಗಿ ಹಾಕಿಕೊಂಡು ಐಸ್‌ಕ್ರೀಮು ತಿನ್ನುತ್ತಾರಂತೆ. ಅಂಥ ಊರಿನಲ್ಲಿ ಬೆಳೆದವನಿಗೆ ಚಳಿಗಾಲದ ವಿದ್ಯೆ ಎಲ್ಲಿಂದ ಬರಬೇಕು?

ನಮ್ಮಲ್ಲಿ ಕಂಬಳಿ ಹೊದೆಯುವುದಕ್ಕೆ ರೀತಿ ಇದೆ. ಪಟ್ಟೆಗಳು ನೆಟ್ಟಗೆ ನಿಂತಿರಬೇಕು. ಅಡ್ಡ ಮಲಗಿದರೆ ಹೊದ್ದವನ ಏಳಿಗೆಯೂ ಮಲಗಿತು, ಅವನ ಹೊಲದ ಜೋಳವೂ ಮಲಗಿತು. ಗಂಡಸಾದರೆ ಬಲಭುಜದ ಮೇಲೆ ಪಿನ್ನು ಹಾಕಬೇಕು, ಹೆಂಗಸಾದರೆ ಎದೆಯ ಮೇಲೆ. ಇದೆಲ್ಲ ಮೊಹಾಪಿಗೆ ಗೊತ್ತಿಲ್ಲವೆಂದಲ್ಲ. ಗೊತ್ತಿತ್ತು, ಆದರೆ ಮನೆಯಿಂದ ಹೊರಟು ಅರ್ಧ ದಾರಿ ಸವೆದ ಮೇಲೆ ನೆನಪಾಗುತ್ತಿತ್ತು.

ಬಸುರಿ ಹೆಂಡತಿ ಮಾ-ತುಮೆಲೊಳನ್ನು ಚೊಚ್ಚಲ ಹೆರಿಗೆಗೆಂದು ಬೆಟ್ಟದಾಚೆಯ ಹಾ-ಸೇಕೆಗೆ, ಅವಳ ತವರಿಗೆ, ಬಿಡಲು ಹೋದ ದಿನವೂ ಹಾಗೇ ಆಯಿತು. ಅಂಗಳದ ತುಂಬ ಬೀಗರು. ಅವರ ನಡುವೆ ಮೊಹಾಪಿ ಅಡ್ಡ ಪಟ್ಟೆಯ ಕಂಬಳಿಯಲ್ಲಿ ನಿಂತು ಹಲ್ಲು ಕಿರಿಯುತ್ತಿದ್ದ. ಅತ್ತೆ ಮಾ-ಲೆಫಾ ಅವನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಅಳಿಯಂದಿರೇ, ಇದೇನು ಕಂಬಳಿಯೋ, ನೆಲಕ್ಕೆ ಹಾಸೋ ಚಾಪೆಯೋ?"

"ಮ್ಮೆ, ಅದು ಗಾಳಿಗೆ ತಿರುಗಿಬಿಡ್ತು," ಎಂದ ಮೊಹಾಪಿ. ಮ್ಮೆ ಎಂದರೆ ಅಮ್ಮ, ನಮ್ಮಲ್ಲಿ ಹಿರಿಯ ಹೆಂಗಸರನ್ನೆಲ್ಲ ಹಾಗೇ ಕರೆಯುವುದು.

"ಗಾಳಿಗೆ ಕಂಬಳಿ ತಿರುಗಲ್ಲಪ್ಪ, ತಲೆ ತಿರುಗುತ್ತೆ. ನೋಡಿ, ಹೆರಿಗೆಯಾಗಿ ಎರಡು ತಿಂಗಳಿಗೆ ತಾಯಿ ಮಗೂನ ಕಳಿಸೋದು ವಾಡಿಕೆ. ನಾನೂ ಕಳಿಸ್ತಿದ್ದೆ. ಆದ್ರೆ ತನ್ನ ಮೈಮೇಲಿನ ಕಂಬಳಿ ನಿಂತಿದೆಯೋ ಮಲಗಿದೆಯೋ ಗೊತ್ತಿಲ್ಲದೋನ ಕೈಗೆ, ಈ ಚಳೀಲಿ, ಎಳೇ ಕೂಸು ಕೊಡೋಕೆ ನನಗೇನು ಹುಚ್ಚೇ? ಪೀಚ್ ಹಣ್ಣಾಗ್ಲಿ. ಆಮೇಲೆ ನೋಡೋಣ."

ನಮ್ಮ ಕಡೆ ಪೀಚ್ ಹಣ್ಣಾಗುವುದು ಹೊಸ ವರ್ಷ ಕಳೆದ ಮೇಲೆ. ಮಾವ ರಾ-ಲೆಫಾ ಒಳ್ಳೆಯ ಮನುಷ್ಯ, ಏನೋ ಹೇಳಲು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿ ಅದೇ ಬಾಯಿಗೆ ಹೊಗೆಸೊಪ್ಪು ಹಾಕಿಕೊಂಡರು.

ಮೊಹಾಪಿ ಊರಿಗೆ ಬಂದ. ಬಂದವನಿಗೆ ಮನೆ ಮನೆಯಾಗಿ ಕಾಣಲಿಲ್ಲ. ಹೆಂಡತಿ ಬಿಟ್ಟುಹೋದ ಕೆಂಪು ಕಂಬಳಿಯೊಂದು ಗೂಟದ ಮೇಲೆ ನೇತಾಡುತ್ತಿತ್ತು. ಅವನು ಅದನ್ನು ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದ. ರಿಪೇರಿಗೆ ಬಂದ ರೇಡಿಯೊಗಳಿಗೆಲ್ಲ ಅತ್ತೆಯ ತೀರ್ಪನ್ನು ವಿವರವಾಗಿ ಹೇಳಿ ನಿಟ್ಟುಸಿರು ಬಿಡುತ್ತಿದ್ದ. ಹೆಂಡತಿಯನ್ನು ಕಂಡರೆ ಅವನಿಗೆ ಬಹಳ ಪ್ರೀತಿ.

ಹೀಗಿರುವಾಗ, ಜುಲೈ ತಿಂಗಳ ಒಂದು ಸಂಜೆ, ಹಿಮ ಬಿದ್ದು ಗಟ್ಟಿಯಾಗಿದ್ದಾಗ, ಅವನ ಅಕ್ಕ ಮಾ-ಲಿನೆಯೊ ವ್ಯಾನಿನಿಂದ ಇಳಿದಳು. ಜೊತೆಗೆ ಮೂರು ಮಕ್ಕಳನ್ನೂ ಇಳಿಸಿದಳು. ದೊಡ್ಡವಳು ಏಳು ವರ್ಷದ ಲಿನೆಯೊ, ಅವಳ ಹಿಂದೆ ಐದು ವರ್ಷದ ಬೊಕಾಂಗ್, ಕೊನೆಯವನು ಎರಡು ತುಂಬಿದ ಮೊಸಾ.

"ತಮ್ಮಾ, ಕೆಳಸೀಮೇಲಿ ನಮ್ಮ ಯಜಮಾನ್ರ ಚಿಕ್ಕಪ್ಪ ತೀರ್ಕೊಂಡಿದಾರೆ. ಮಣ್ಣು ಮುಗಿಸಿ ಬಂದ್ಬಿಡ್ತೀನಿ. ಇವರಿಗೆ ಚಳಿ ತಾಗದ ಹಾಗೆ ನೋಡ್ಕೊ, ಅಷ್ಟೇ ಸಾಕು. ಬೇರೆ ಏನೂ ನಿನ್ನಿಂದಾಗಲ್ಲ ಅಂತ ನಂಗೊತ್ತು," ಎಂದು ಅದೇ ವ್ಯಾನಿಗೆ ಹತ್ತಿ ಹೊರಟೇಬಿಟ್ಟಳು.

ಮೊಹಾಪಿಗೆ ಒಂದು ಯೋಚನೆ ಬಂತು. ಅವನಿಗೆ ಯೋಚನೆ ಬಂದಾಗಲೆಲ್ಲ ಊರಿನಲ್ಲಿ ಏನಾದರೊಂದು ಆಗುತ್ತದೆ. ಈ ಮೂರು ಮಕ್ಕಳನ್ನೂ ಬೆಚ್ಚಗೆ ಸುತ್ತಿಕೊಂಡು, ಹಿಮದಲ್ಲೇ ಬೆಟ್ಟ ದಾಟಿ, ನಾಳೆ ಹಾ-ಸೇಕೆಯ ಅಂಗಳದಲ್ಲಿ ನಿಂತುಬಿಟ್ಟರೆ? 'ಮ್ಮೆ, ಮುಟ್ಟಿ ನೋಡಿ' ಎಂದರೆ? ಮುಟ್ಟಿ ನೋಡಿದ ಮೇಲೆ ಅತ್ತೆ ಏನು ಹೇಳಿಯಾರು?

"ಮಕ್ಕಳಿಗೆ ಬಟ್ಟೆ ಹಾಕೋದು ಅಂದ್ರೆ ಏನು ಮಹಾ!" ಎಂದು ಅವನು ಗೋಡೆಯಾಚೆ ಬೆರಣಿ ಜೋಡಿಸುತ್ತಿದ್ದ ಮುದುಕಿ ಮಾ-ಪುಲಾನೆಗೆ ಕೇಳಿಸುವಂತೆ ಹೇಳಿದ. "ಹೆಂಗಸ್ರು ಅದನ್ನೇ ಒಂದು ದೊಡ್ಡ ವಿದ್ಯೆ ಮಾಡಿ ಕೂರಿಸಿದ್ದಾರೆ."

ಮಾ-ಪುಲಾನೆಗೆ ಕಿವಿ ಅಷ್ಟಕ್ಕಷ್ಟೆ. ಒಳ್ಳೆಯ ಹುಡುಗ, ದೇವರಿಗೆ ಕೈಮುಗಿಯುತ್ತಿದ್ದಾನೆ ಎಂದುಕೊಂಡು ಒಳಗೆ ಹೋದಳು.

ಬೆಳಿಗ್ಗೆ ವಿದ್ಯೆ ಶುರುವಾಯಿತು.

ಮೊದಲು ಬೊಕಾಂಗ್‌ನನ್ನು ಹಿಡಿದು ಒಳಂಗಿ, ಅಂಗಿ, ಸ್ವೆಟರು, ಸ್ವೆಟರಿನ ಮೇಲೆ ಸ್ವೆಟರು ಹಾಕಿದ. ಕೊನೆಯ ಗುಂಡಿ ಹಾಕುವಾಗ ಬೊಕಾಂಗ್ "ಮಾಮಾ, ಉಚ್ಚೆ" ಎಂದ. ಎಲ್ಲ ಬಿಚ್ಚಿ, ಕರೆದುಕೊಂಡು ಹೋಗಿ, ಮತ್ತೆ ಎಲ್ಲ ಹಾಕುವಷ್ಟರಲ್ಲಿ ಮೊಸಾ ತನ್ನದನ್ನು ತಾನೇ ಬಿಚ್ಚಿಕೊಂಡು, ಹುಟ್ಟುಡುಗೆಯಲ್ಲಿ ಒಲೆಯ ಸುತ್ತ ಓಡುತ್ತಿದ್ದ. ಮೊಸಾನನ್ನು ಹಿಡಿದು ಸುತ್ತಿದರೆ ಬೊಕಾಂಗ್‌ನ ಎರಡು ಕಾಲೂ ಸ್ವೆಟರಿನ ಒಂದೇ ತೋಳಿನೊಳಗೆ ಸೇರಿಕೊಂಡಿದ್ದವು. ಲಿನೆಯೊ ಮಾತ್ರ ತನ್ನ ಉಡುಪನ್ನು ತಾನೇ ಹಾಕಿಕೊಂಡು, ಕೈಕಟ್ಟಿ ಕುಳಿತು, ಶಾಲೆಯ ಇನ್‌ಸ್ಪೆಕ್ಟರಂತೆ ನೋಡುತ್ತಿದ್ದಳು.

"ಅಮ್ಮ ಮುಖಕ್ಕೆ ವ್ಯಾಸಲೀನ್ ಹಚ್ತಾಳೆ," ಎಂದಳು.

"ಹಚ್ಚೋಣ," ಎಂದ ಮೊಹಾಪಿ. ಡಬ್ಬಿ ಖಾಲಿ. ಕೊಬ್ಬೆಲ್ಲ ಒಂದೇ ಎಂದು ಅಡುಗೆಯ ಡಬ್ಬಿಯಿಂದ ಹಂದಿಕೊಬ್ಬು ತೆಗೆದು ಮೂರೂ ಮುಖಕ್ಕೆ ಹೊಳೆಯುವಂತೆ ಬಳಿದ. ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಕುಳಿತು ಮಕ್ಕಳನ್ನು ಹೊಸ ಗೌರವದಿಂದ ನೋಡಿತು.

"ಅಮ್ಮ ಬೂಟಿನೊಳಗೆ ಪೇಪರ್ ಇಡ್ತಾಳೆ. ಕೈಗೆ ಗ್ಲೌಸ್ ಹಾಕ್ತಾಳೆ. ಇಷ್ಟಕ್ಕೇ ಸಾಕು ಅಂತ ಯಾವತ್ತೂ ಅನ್ನಲ್ಲ."

ಗ್ಲೌಸ್ ಇರಲಿಲ್ಲ. ಮೊಹಾಪಿ ತನ್ನ ಉಣ್ಣೆಯ ಕಾಲುಚೀಲ ಕಳಚಿ ಲಿನೆಯೊಳ ಕೈಗೆ ಮೊಣಕೈವರೆಗೆ ಏರಿಸಿದ. ತನ್ನ ಕೋಟು ತೆಗೆದು ಬೊಕಾಂಗ್‌ಗೆ ತೊಡಿಸಿದ. ಮನೆಯಲ್ಲಿದ್ದ ಇನ್ನೊಂದು ಪ್ಯಾಂಟನ್ನೂ ಅವನಿಗೇ ಕಂಕುಳವರೆಗೆ ಎಳೆದು, ಆಂಟೆನಾದ ತಂತಿಯಿಂದ ಬಿಗಿದ. ತನ್ನ ಕಂಬಳಿಯನ್ನು ಲಿನೆಯೊಗೆ ಹೊದಿಸಿದ, ಈ ಸಲ ಪಟ್ಟೆಗಳನ್ನು ನೆಟ್ಟಗೆ ನಿಲ್ಲಿಸಿ, ಅವಳಿಂದ ಮೂರು ಬಾರಿ ಒಪ್ಪಿಗೆ ಪಡೆದು. ಮೊಸಾಗೆ ಲಿನೆಯೊಳ ಹಳೆಯ ಗುಲಾಬಿ ಫ್ರಾಕು, ಗುಲಾಬಿ ಟೋಪಿ, ಗಮ್‌ಬೂಟು, ಅದರ ಮೇಲೆ ಸಿಕ್ಕಿದ್ದೆಲ್ಲ ಸುತ್ತಿದ. ಮುಗಿಯುವ ಹೊತ್ತಿಗೆ ಮೊಸಾ ಒಂದು ಮೂಗು ಮಾತ್ರ ಉಳಿದಿದ್ದ ಗಂಟಾಗಿದ್ದ. ನಡೆಸಿ ನೋಡಿದರೆ ಉರುಳಿದ. ಎತ್ತಿ ನಿಲ್ಲಿಸಿದರೆ ಇನ್ನೊಂದು ಕಡೆಗೆ ಉರುಳಿದ.

ಬೇರೆ ದಾರಿ ಕಾಣದೆ ಮೊಹಾಪಿ ಬಾಗಿ ಅವನನ್ನು ಬೆನ್ನ ಮೇಲೆ ಹೇರಿಕೊಂಡ. ಗೂಟದ ಮೇಲಿನ ಹೆಂಡತಿಯ ಕೆಂಪು ಕಂಬಳಿಯಿಂದ ತಾಯಂದಿರು ಕಟ್ಟಿಕೊಳ್ಳುವಂತೆಯೇ ಬೆನ್ನಿಗೆ ಕಟ್ಟಿಕೊಂಡು, ಎದೆಯ ಮೇಲೆ ದೊಡ್ಡ ಪಿನ್ನು ಚುಚ್ಚಿಕೊಂಡ. ಅವನಿಗೆಂದು ಉಳಿದದ್ದು ಒಂದು ಅಂಗಿ, ಒಂದು ಪ್ಯಾಂಟು, ಬರಿಗಾಲಿಗೆ ಬೂಟು, ಮಂಕಿ ಟೋಪಿ, ಮಫ್ಲರು. ನಾಲ್ವರೂ ಹೊರಟರು. ನಾಯಿ ನಾಲಿಗೆ ಚಾಚಿಕೊಂಡು ಹಿಂದೆಯೇ ಹೊರಟಿತು.

ಮಾ-ಪುಲಾನೆ ಅಂಗಳದಲ್ಲಿ ಕೊಡದ ಮೇಲಿನ ಮಂಜುಗಡ್ಡೆ ಒಡೆಯುತ್ತಿದ್ದಳು. ತಲೆ ಎತ್ತಿದಳು. ಮೊಹಾಪಿಯ ಬೆನ್ನ ಮೇಲೊಂದು ಗಂಟು. ಗಂಟಿನ ತುದಿಯಲ್ಲಿ ಗುಲಾಬಿ ಟೋಪಿ.

ಇಲ್ಲಿ ಒಂದು ಮಾತು ಹೇಳಬೇಕು. ಚೊಚ್ಚಲ ಮಗುವಿನ ಸುದ್ದಿಯನ್ನು ತಂದೆಗೆ ಬಾಯಿಮಾತಿನಲ್ಲಿ ಹೇಳುವ ಪದ್ಧತಿ ನಮ್ಮಲ್ಲಿಲ್ಲ. ಹೆಣ್ಣಾದರೆ ಅವನ ಮೇಲೆ ನೀರು ಸುರಿಯುತ್ತಾರೆ. ಗಂಡಾದರೆ ಕೋಲಿನಿಂದ ನಾಲ್ಕು ಬಾರಿಸುತ್ತಾರೆ. ಅವನು ಅದರಿಂದಲೇ ತಿಳಿದುಕೊಳ್ಳಬೇಕು. ಸುದ್ದಿ ತರಬೇಕಾದವರು ಹೆಂಡತಿಯ ಕಡೆಯವರು, ನಿಜ. ಆದರೆ ಮಗುವೇ ಬೆನ್ನ ಮೇಲೆ ಬಂದು ಕುಳಿತಿರುವಾಗ ಯಾರಿಗಾಗಿ ಕಾಯುವುದು? ಡರ್ಬನ್ನಿನಲ್ಲಿ ಗಂಡಸರೇ ಹೋಗಿ ಬಾಣಂತಿಯ ಕೈಯಿಂದ ಕೂಸು ಕಿತ್ತುಕೊಂಡು ಬರುತ್ತಾರೋ ಏನೋ! ಮಾ-ಪುಲಾನೆ ಹೆಚ್ಚು ಯೋಚಿಸಲಿಲ್ಲ. ಕೊಡ ಎತ್ತಿದಳು. ಬಹಳ ಕಾಲದ ಅಭ್ಯಾಸ, ಗುರಿ ತಪ್ಪಲಿಲ್ಲ. ಮಂಜುಗಡ್ಡೆಯ ಚೂರುಗಳ ಸಮೇತ ನೀರು ಮೊಹಾಪಿಯ ಮುಖದಿಂದ ಬೂಟಿನವರೆಗೆ ಮುಂಭಾಗಕ್ಕೆ ಮಾತ್ರ ಬಿತ್ತು. ಹಿಂದಿದ್ದ ಮಗುವಿಗೆ ಒಂದು ಹನಿ ತಾಗಲಿಲ್ಲ.

"ಹೆಣ್ಣು! ನಮ್ಮ ಮೊಹಾಪಿಗೆ ಹೆಣ್ಣಾಗಿದೆ ಕಣ್ರೋ!" ಎಂದು ಅವಳು ಕೂಗಿದಳು. ಆ ಕೂಗಿಗೆ ಎಲ್ಲ ಮನೆಗಳ ಬಾಗಿಲೂ ತೆರೆದವು.

"ಮ್ಮೆ... ಮ್ಮೆ... ಅಲ್ಲ..." ಮೊಹಾಪಿಯ ಹಲ್ಲುಗಳು ಕಟಕಟ ಎನ್ನುತ್ತಿದ್ದವು. "ಇದು ನಂದಲ್ಲ!"

"ಮೊದಲ್ನೇ ಸಲ ಎಲ್ಲಾ ಗಂಡಸ್ರೂ ಹೀಗೇ ಅಂತಾರಪ್ಪ. ನಮ್ಮೋರೂ ಹೀಗೇ ಅಂದಿದ್ರು. ಎಲ್ಲಿ, ತೋರ್ಸು... ಅಯ್ಯೋ, ಮೂಗು ನೋಡ್ರೇ, ಅಪ್ಪಂದೇ ಅಚ್ಚು!"

"ಎಷ್ಟು ದೊಡ್ಡದಿದೆ!" ಎಂದಳು ನೆರೆದವರಲ್ಲೊಬ್ಬಳು.

"ಚಳಿಗಾಲದ ಕೂಸು ಒಳಗೇ ಬೆಳ್ಕೊಂಡು ಬರುತ್ತೆ. ಆ ಎರಡು ಮಕ್ಳು ಯಾರು? ಬೀಗರ ಕಡೆಯಿಂದ ಕಳಿಸ್ಕೊಡೋಕೆ ಬಂದಿರಬೇಕು. ಎಷ್ಟು ಮರ್ಯಾದಸ್ಥರು ನೋಡಿ."

ಅಷ್ಟರಲ್ಲಿ ಕುದುರೆಯ ಮೇಲೆ ಲೆಬೊನಾ ಬಂದ. ಸುತ್ತಮುತ್ತಲ ಊರುಗಳಿಗೆ ಉಪ್ಪು, ಸೀಮೆಎಣ್ಣೆ ಮುಟ್ಟಿಸುವುದು ಅವನ ಕೆಲಸ. ಸುದ್ದಿ ಮುಟ್ಟಿಸುವುದು ಅವನ ಸೇವೆ. ನೀರು ಸೋರುತ್ತಿದ್ದ ಮೊಹಾಪಿಯನ್ನು ನೋಡಿದ, ಗುಲಾಬಿ ಟೋಪಿಯನ್ನು ನೋಡಿದ.

"ಶುಭವಾಗ್ಲಿ ನ್ತಾತೆ ಮೊಹಾಪಿ!" ಎಂದ. ನ್ತಾತೆ ಎಂದರೆ ಅಪ್ಪ, ಗಂಡಸರನ್ನು ಗೌರವದಿಂದ ಹಾಗೆ ಕರೆಯುತ್ತೇವೆ.

"ನಂದಲ್ಲ ಮಾರಾಯ, ಇದು ನಂದಲ್ಲ! ಆಣೆ ಇಟ್ಟು ಹೇಳ್ತೀನಿ!"

ಲೆಬೊನಾ ಗಂಭೀರನಾದ. ಕುದುರೆಯ ಹೊಟ್ಟೆಗೆ ಹಿಮ್ಮಡಿಯಿಂದ ತಿವಿದು ಬೆಟ್ಟದ ದಾರಿ ಹಿಡಿದ. ಇಷ್ಟು ಒಳ್ಳೆಯ ಸುದ್ದಿ ಅವನ ಕೈಗೆ ಸಿಕ್ಕಿ ಬಹಳ ದಿನಗಳಾಗಿದ್ದವು.

ಒದ್ದೆ ಪ್ಯಾಂಟು ಮೊಹಾಪಿಯ ಕಾಲಮೇಲೆ ಆಗಲೇ ಗಡಸಾಗತೊಡಗಿತ್ತು. ಬದಲಿಸಲು ಇನ್ನೊಂದಿಲ್ಲ, ಅದು ಬೊಕಾಂಗ್‌ನ ಕಂಕುಳಲ್ಲಿದೆ. ಮಾ-ಪುಲಾನೆ ಕರುಣೆಯ ಹೆಂಗಸು, ತನ್ನ ದಪ್ಪ ಲಂಗವೊಂದನ್ನು ತಂದು ಕೊಟ್ಟಳು. "ಯಾರು ನೋಡ್ತಾರೆ? ಕಂಬಳಿ ಮುಚ್ಚುತ್ತೆ," ಎಂದಳು. ಕಂಬಳಿ ಮುಚ್ಚಿದ್ದು ಮೊಣಕಾಲವರೆಗೆ. ಅದರ ಕೆಳಗೆ ನೀಲಿ ಹೂವಿನ ಲಂಗ ಗಾಳಿಗೆ ಹಾರಾಡುತ್ತಿತ್ತು. ತಿರುಗಿ ಹೋಗೋಣವೇ ಎಂದು ಮೊಹಾಪಿಗೆ ಅನ್ನಿಸಿತು. ಆದರೆ ಪೀಚ್ ಹಣ್ಣಿನ ನೆನಪಾಯಿತು. ಅಷ್ಟು ತಿಂಗಳು ಆ ಮನೆಯಲ್ಲಿ ಒಬ್ಬನೇ ಇರುವುದು ಅವನಿಂದ ಆಗದ ಮಾತು. ಬೆಟ್ಟ ಹತ್ತಿದ.

ಏರುದಾರಿಯಲ್ಲಿ ಮೊಸಾ ಗುಲಾಬಿ ಟೋಪಿಯನ್ನು ಕಿತ್ತು ಕಮರಿಗೆಸೆದ. ಹುಡುಗನ ಕಿವಿ ಕೆಂಪಾದದ್ದು ನೋಡಿ ಮೊಹಾಪಿ ತನ್ನ ಮಂಕಿ ಟೋಪಿಯನ್ನೇ ತೆಗೆದು ಅವನಿಗೆ ಹಾಕಿದ. ತನ್ನ ತಲೆಗೂ ಬಾಯಿಗೂ ಸೇರಿಸಿ ಮಫ್ಲರು ಸುತ್ತಿಕೊಂಡ. ಈಗ ಅವನ ಎರಡು ಕಣ್ಣು ಮಾತ್ರ ಹೊರಗಿದ್ದವು, ಅವುಗಳಲ್ಲೂ ನೀರು ತುಂಬಿತ್ತು.

ಬೆಟ್ಟದ ನೆತ್ತಿಯಲ್ಲಿ ಒಂದು ಅಂಗಡಿ. ಅದರ ಮುಂದೆ ತೂತು ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು ಗಂಡಸರು ಜೋಳದ ಬಿಯರು ಕುಡಿಯುತ್ತ ಕುಳಿತಿದ್ದರು. ಲೆಬೊನಾ ಆಗಲೇ ಅಲ್ಲಿ ಸುದ್ದಿ ಇಳಿಸಿ ಮುಂದೆ ಹೋಗಿದ್ದ. ಮೊಹಾಪಿ ಬೆಂಕಿಯ ಬಳಿ ಬಂದು, ಮಫ್ಲರು ಸರಿಸಿ, ಕೈ ಚಾಚಿದ.

"ಇವನೇ! ನಮ್ಮ ರೇಡಿಯೊ ಮೊಹಾಪಿ!" ಎಂದು ಅಂಗಡಿಯಾತ ಎದ್ದ. "ಹೆಣ್ಣಂತೆ, ಅಲ್ವಾ?"

ಒಬ್ಬ ಮುದುಕ ಬಂದು ಬೆನ್ನ ಹಿಂದೆ ಇಣುಕಿದ. ಮಂಕಿ ಟೋಪಿ. ಕಂಬಳಿಯ ಕೆಳಗಿಂದ ನೇತಾಡುತ್ತಿದ್ದ ಎರಡು ಗಮ್‌ಬೂಟು.

"ಯಾವನಯ್ಯಾ ಹೆಣ್ಣು ಅಂದೋನು? ಇದು ಗಂಡು! ಕುರಿ ಕಾಯೋಕೆ ಬೂಟು ಹಾಕ್ಕೊಂಡೇ ಹುಟ್ಟಿದೆ! ತಗೊಳ್ರೋ ಕೋಲು!"

"ನ್ತಾತೆ, ಬೇಡಿ, ಸ್ವಲ್ಪ ಕೇಳಿ..." ಎನ್ನುವಷ್ಟರಲ್ಲಿ ನಾಲ್ಕು ದಿಕ್ಕಿನಿಂದ ನಾಲ್ಕು ಪ್ರೀತಿಯ ಏಟು ಮೊಹಾಪಿಯ ಮೊಣಕಾಲ ಮೇಲೆ ಬಿದ್ದವು. ಅಂಗಡಿಯಾತ ಮಾತ್ರ ಕೋಲು ಎತ್ತಿ ನಿಂತೇ ಇದ್ದ.

"ತಡೀರಿ. ಊರಲ್ಲಿ ನೀರು ಹಾಕಿದ್ದಾರೆ, ಅಂದ್ರೆ ಹೆಣ್ಣು. ಬೂಟು ನೋಡಿದ್ರೆ ಗಂಡು. ಅಂದ್ರೆ..." ಅವನ ಮುಖ ಅರಳಿತು. "ಅವಳಿ! ಮೊಹಾಪಿ, ಹೆಣ್ಣು ಕೂಸೆಲ್ಲಿ?"

ಪೆಟ್ಟು ತಿಂದ ಮೊಹಾಪಿಗೆ ಹೆಣ್ಣು ಎಂದ ಕೂಡಲೇ ಲಿನೆಯೊ ನೆನಪಾದಳು. ಹಿಂದೆ ತಿರುಗಿ ನೋಡಿದ.

"ಅವಳು ಹಿಂದೆ ನಡ್ಕೊಂಡು ಬರ್ತಿದಾಳೆ."

ಅಂಗಡಿಯಾತನ ಕೋಲು ಮೆಲ್ಲಗೆ ಕೆಳಗಿಳಿಯಿತು.

"ನಡ್ಕೊಂಡು?"

"ಹೂಂ. ಬೂಟಲ್ಲಿ ಹಿಮ ತುಂಬ್ತು ಅಂತ ಅಲ್ಲಿ ಕೂತು ಬಯ್ತಿದ್ಲು."

ಮುದುಕ ಕೈಯಲ್ಲಿದ್ದ ಬಿಯರನ್ನು ನೋಡಿದ. ಆಮೇಲೆ ಅದನ್ನು ನಿಧಾನವಾಗಿ ನೆಲಕ್ಕೆ ಚೆಲ್ಲಿದ. ಆ ದಿನದಿಂದ ಅವನು ಕುಡಿಯುವುದನ್ನು ಬಿಟ್ಟನೆಂದು ಹೇಳುತ್ತಾರೆ, ಮಾರನೆಯ ದಿನ ಮತ್ತೆ ಶುರು ಮಾಡಿದನೆಂದೂ ಹೇಳುತ್ತಾರೆ.

ಇತ್ತ ಹಾ-ಸೇಕೆಯಲ್ಲಿ, ಮಾ-ಲೆಫಾ ಒಲೆಯ ಮುಂದೆ ಜೋಳದ ಮುದ್ದೆ ತಿರುವುತ್ತಿದ್ದರು. ಮಗಳು ಮಾ-ತುಮೆಲೊ ತುಂಬು ಹೊಟ್ಟೆ ಹೊತ್ತು, ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು ಅವರೆ ಬಿಡಿಸುತ್ತಿದ್ದಳು. ಲೆಬೊನಾ ಕುದುರೆಯಿಂದ ಇಳಿಯದೆಯೇ ಶುರು ಮಾಡಿದ.

"ಶುಭವಾಗ್ಲಿ ಮ್ಮೆ ಮಾ-ಲೆಫಾ! ನಿಮ್ಮ ಅಳಿಯಂಗೆ ಹೆಣ್ಣು ಕೂಸಾಯ್ತಂತೆ! ಬೆನ್ನಿಗೆ ಕಟ್ಕೊಂಡು ಓಡಾಡ್ತಿದಾನೆ, ಕಣ್ಣಾರೆ ನೋಡ್ದೆ!"

ಮಾ-ಲೆಫಾ ಮಗಳ ಹೊಟ್ಟೆಯನ್ನು ನೋಡಿದರು. ಲೆಬೊನಾನೂ ಈಗಷ್ಟೇ ಆ ಕಡೆ ನೋಡಿದ. ಅವನ ಬಾಯಿ ತೆರೆದಂತೆಯೇ ಉಳಿಯಿತು.

"ಯಾರಿಗೆ ಆಗಿದ್ದು ಕೂಸು?" ಎಂದರು ಮಾ-ಲೆಫಾ ಬಹಳ ಮೆತ್ತಗೆ.

"ಮ್ಮೆ, ನಂಗೇನು ಗೊತ್ತು... ಅವನಂತೂ 'ನಂದಲ್ಲ, ನಂದಲ್ಲ' ಅಂತ ಆಣೆ ಇಡ್ತಿದ್ದ. ಪಾಪ."

ಅಷ್ಟು ಹೇಳಿ ಲೆಬೊನಾ ಕುದುರೆ ತಿರುಗಿಸಿದ. ಅವನ ಜೀವಮಾನದಲ್ಲಿ ಸುದ್ದಿಯ ಕೊನೆ ನೋಡದೆ ಹೊರಟದ್ದು ಅದೇ ಮೊದಲು. ಮಾ-ತುಮೆಲೊಳ ಕೈಯಲ್ಲಿದ್ದ ಅವರೆ ಉರುಳಿ ಹೋಯಿತು. "ಅಮ್ಮಾ, ಅವರು ಅಂಥೋರಲ್ಲ. ಅವರಿಗೆ ಅಷ್ಟು ಜಾಣತನ ಇಲ್ಲ," ಎಂದಳು. ಹೇಳುವಾಗ ಕಣ್ಣು ತುಂಬಿತು.

"ನೀ ಒಳಗೆ ನಡಿ," ಎಂದರು ತಾಯಿ.

ರಾ-ಲೆಫಾ ಅಂಗಳದ ಗೋಡೆಯ ಬಳಿ ನಿಂತು ಬೆಟ್ಟದ ಕಡೆ ಕಣ್ಣು ಕಿರಿದು ಮಾಡಿದರು. "ಯಾರೋ ಬರ್ತಿದಾರೆ ಕಣೇ. ಹೆಂಗಸು. ಬೆನ್ನಿಗೆ ಮಗು ಕಟ್ಕೊಂಡಿದಾಳೆ. ಹಿಂದೆ ಇನ್ನೂ ಎರಡು. ಒಂದು ನಾಯೀನೂ ಇದೆ."

"ಮೂರು ಮಕ್ಳಾ!" ಎಂದರು ಮಾ-ಲೆಫಾ. ಕೈಯಲ್ಲಿದ್ದ ಮುದ್ದೆಕೋಲನ್ನು ಕೆಳಗಿಡದೆಯೇ ಅಂಗಳದ ಬಾಯಿಗೆ ಬಂದು ನಿಂತರು. ಅಕ್ಕಪಕ್ಕದ ಮನೆಯವರೂ ಬಂದು ನಿಂತರು, ಚಳಿ ಎಂದು ಒಬ್ಬರೂ ಒಳಗುಳಿಯಲಿಲ್ಲ.

ಕೆಂಪು ಕಂಬಳಿ, ನೀಲಿ ಲಂಗ, ಮುಖ ಮುಚ್ಚಿದ ಮಫ್ಲರು. ಆ ಆಕೃತಿ ಕುಂಟುತ್ತ ಬಂತು.

"ನಿಂತ್ಕೊಳಮ್ಮಾ ಅಲ್ಲೇ! ಇನ್ನೊಂದು ಹೆಜ್ಜೆ ಇಟ್ರೆ ನೋಡು!" ಮಾ-ಲೆಫಾ ಕೋಲು ಎತ್ತಿದರು. "ನಾಚಿಕೆ ಆಗಲ್ವಾ? ಆ ಕಂಬಳಿ ನನ್ನ ಮಗಳಿಗೆ ಮದುವೇಲಿ ನಾನು ಹೊದಿಸಿದ್ದು! ಗಂಡನ್ನೂ ತಗೊಂಡೆ, ಕಂಬಳೀನೂ ತಗೊಂಡ್ಯಾ?"

ಮೊಹಾಪಿ 'ಮ್ಮೆ, ನಾನು' ಎನ್ನಲು ಹೋದ. ಉಸಿರಿನ ಹಬೆ ಹೆಪ್ಪುಗಟ್ಟಿ ಮೀಸೆಗೂ ಮಫ್ಲರಿಗೂ ಗಂಟು ಬಿದ್ದಿತ್ತು. ಬಾಯಿ ತೆರೆದರೆ ಮೀಸೆ ಕಿತ್ತುಬರುವಂತಿತ್ತು. "ಮ್ಮ್ ಮ್ಮ್" ಎಂದಷ್ಟೇ ಹೊರಟಿತು.

"ಅಳಬೇಡ! ಅತ್ರೆ ಕರಗೋಳಲ್ಲ ನಾನು. ಎಲ್ಲಿ ಅವನು? ಮುಖ ತೋರಿಸೋಕೆ ಧೈರ್ಯ ಇಲ್ವಾ ಅವನಿಗೆ?"

ಮೊಹಾಪಿ ತನ್ನ ಎದೆ ಮುಟ್ಟಿ ತೋರಿಸಿದ.

"ನಿನ್ನ ಎದೇಲಿ ಇದಾನಾ? ಕೇಳಿದ್ರಾ ಇವಳ ಮಾತು!"

ನೆರೆದ ಹೆಂಗಸರೆಲ್ಲ ಒಟ್ಟಿಗೆ ಉಸಿರೆಳೆದುಕೊಂಡರು. ಅಷ್ಟರಲ್ಲಿ ಬೊಕಾಂಗ್ ಮುಂದೆ ಬಂದು ನೀಲಿ ಲಂಗ ಹಿಡಿದೆಳೆದ.

"ಮಾಮಾ, ಉಚ್ಚೆ."

"ಮಾಮ?" ಎಂದರು ರಾ-ಲೆಫಾ.

ಮಾ-ಲೆಫಾ ಎರಡು ಹೆಜ್ಜೆ ಮುಂದೆ ಬಂದು ಮಫ್ಲರಿನ ತುದಿ ಹಿಡಿದು ಒಂದೇ ಸಲ ಎಳೆದರು. "ಅಯ್ಯಯ್ಯೋ!" ಎಂಬ ಕೂಗಿನೊಡನೆ ಮಫ್ಲರು ಬಂತು, ಅದರ ಜೊತೆ ಮೀಸೆಯ ಕೆಲವು ಕೂದಲೂ ಬಂದವು. ಉಳಿದ ಮೀಸೆಯ ಹಿಂದೆ ಮೊಹಾಪಿಯ ಮುಖವಿತ್ತು.

ಆಮೇಲೆ ಬಾಗಿಲ ಕಡೆಯಿಂದ ಒಂದು ನಗು ಕೇಳಿಸಿತು. ಮಾ-ತುಮೆಲೊ ಬಾಗಿಲ ಕಟ್ಟು ಹಿಡಿದುಕೊಂಡು ನಗುತ್ತಿದ್ದಳು. "ಅಮ್ಮಾ... ಇದು ನಮ್ಮೋರೇ... ಅದು ಅತ್ತಿಗೆ ಮಕ್ಳು..." ಎಂದು ಹೇಳಲಾರದೆ ಹೇಳುತ್ತಿದ್ದಳು. ಕಣ್ಣೀರು ಸುರಿಯಿತು, ನಗು ನಿಲ್ಲಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ನಿಂತಿತು. ಅವಳು ಸೊಂಟ ಹಿಡಿದುಕೊಂಡಳು. "ಅಮ್ಮಾ, ಬಂತು," ಎಂದಳು.

ಅಂಗಳ ಎದ್ದು ನಿಂತಿತು. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಒಳಗೆ ನುಗ್ಗಿದರು, ಬಾಗಿಲು ಮುಚ್ಚಿತು. ಹೊರಗೆ ಉಳಿದವರು ಲಂಗದ ಅಳಿಯ, ಹೊಗೆಸೊಪ್ಪಿನ ಮಾವ, ಮೂರು ಮಕ್ಕಳು ಮತ್ತು ನಾಯಿ.

"ಬಾರಪ್ಪ, ಆ ಕಡೆ ಮನೇಲಿ ಬೆಂಕಿ ಇದೆ," ಎಂದರು ರಾ-ಲೆಫಾ. "ನಮ್ಮ ಕಾಲದಲ್ಲಿ ನಾವು ಪ್ಯಾಂಟು ಹಾಕ್ಕೊಂಡು ಬರ್ತಿದ್ವಿ. ಇರಲಿ, ಕಾಲ ಬದಲಾಗಿದೆ."

ಬೆಂಕಿಯ ಮುಂದೆ ಕುಳಿತು ಮೊಹಾಪಿ ಮಕ್ಕಳ ಸುತ್ತು ಬಿಚ್ಚತೊಡಗಿದ. ಬಿಸಿನೀರಿಗೆಂದು ಆ ಮನೆಗೆ ಬಂದ ಮಾ-ಲೆಫಾ ನಿಂತು ನೋಡಿದರು. ಹತ್ತಿರ ಬಂದು ಮೊಸಾನ ಬೂಟಿನೊಳಗೆ ಕೈ ಹಾಕಿದರು. ಪಾದ ಬೆಚ್ಚಗಿತ್ತು. ಬೊಕಾಂಗ್‌ನ ಕುತ್ತಿಗೆಯ ಹಿಂದೆ ಕೈ ಇಟ್ಟರು. ಬೆವರುತ್ತಿತ್ತು. ಲಿನೆಯೊಳ ಕೈಯ ಕಾಲುಚೀಲ ಎಳೆದು ಬೆರಳುಗಳನ್ನು ಒಂದೊಂದಾಗಿ ಮುಟ್ಟಿದರು. ಎಲ್ಲವೂ ಈಗಷ್ಟೇ ಒಲೆಯಿಂದ ತೆಗೆದ ರೊಟ್ಟಿಯಂತಿದ್ದವು. ಆಮೇಲೆ ಮೊ‌ಹಾಪಿಯ ಕೈ ಹಿಡಿದರು. ಹಿಡಿದ ಕೈಯನ್ನು ಒಮ್ಮೆ ಬಿಟ್ಟುಬಿಟ್ಟರು, ಅಷ್ಟು ತಣ್ಣಗಿತ್ತು.

"ಕೋಟೆಲ್ಲಿ?"

"ಬೊಕಾಂಗ್ ಮೇಲಿದೆ ಮ್ಮೆ."

"ಟೋಪಿ?"

"ಮೊಸಾ ತಲೇಲಿ."

"ಕಾಲುಚೀಲ?"

"ನಿಮ್ಮ ಕೈಯಲ್ಲೇ ಇದೆ."

ಮಾ-ಲೆಫಾ ಕಾಲುಚೀಲವನ್ನು ನೋಡಿದರು. "ಮುಖಕ್ಕೆ ಏನು ಬಳಿದಿದ್ದೀಯ? ಹಂದಿಕೊಬ್ಬಿನ ವಾಸನೆ ಬರ್ತಿದೆ," ಎಂದು ಗೊಣಗಿ, ಬಿಸಿನೀರಿನ ಪಾತ್ರೆ ಎತ್ತಿಕೊಂಡು ಹೋದರು. ಅವರು 'ನೀವು' ಬಿಟ್ಟು 'ನೀನು' ಎಂದದ್ದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಮೊಹಾಪಿಗೆ ತಿಳಿಯಲಿಲ್ಲ. ರಾ-ಲೆಫಾಗೂ ತಿಳಿಯಲಿಲ್ಲ, ಅವರಿಗೆ ಮದುವೆಯಾದಾಗಿನಿಂದಲೂ ತಿಳಿದಿರಲಿಲ್ಲ.

ಮಾರನೆಯ ದಿನ ಬಿಸಿಲು ಅಂಗಳಕ್ಕಿಳಿಯುವ ಹೊತ್ತಿಗೆ ಬಾಣಂತಿ ಮನೆಯ ಸೂರಿಗೆ ಜೊಂಡಿನ ಕಡ್ಡಿ ಸಿಕ್ಕಿಸಿದರು. ಒಳಗೆ ಹೊಸ ಜೀವ ಬಂದಿದೆ, ಗಂಡಸರು ಕಾಲಿಡಬಾರದು ಎಂದು ಅದರರ್ಥ. ಮೊಹಾಪಿ ಮಾವನ ಪ್ಯಾಂಟು, ಮಾವನ ಅಂಗಿ ಹಾಕಿಕೊಂಡು ಅಂಗಳದ ನಡುವೆ ನಿಂತಿದ್ದ. ತಾಯಿಗೂ ಮಗುವಿಗೂ ಏನೂ ತೊಂದರೆಯಿಲ್ಲ ಎಂದಷ್ಟು ಮಾತ್ರ ಯಾರೋ ಹೇಳಿದ್ದರು. ಉಳಿದದ್ದು ಮೈಯಿಂದಲೇ ತಿಳಿಯಬೇಕು. ಊರು ಸುತ್ತ ನೆರೆದಿತ್ತು. ಗೋಡೆಯ ನೆರಳಿನಲ್ಲಿ ನಿನ್ನೆಯ ಹಿಮ ಇನ್ನೂ ಹಾಗೆಯೇ ಬಿದ್ದಿತ್ತು.

ಮಾ-ಲೆಫಾ ಮನೆಯ ಹಿಂದಿನಿಂದ ಕೊಡ ಹೊತ್ತು ಬಂದರು. ಕೊಡ ಕಂಡದ್ದೇ ಮೊಹಾಪಿ 'ಹೆಣ್ಣು' ಎಂದುಕೊಂಡ. ಎದೆ ತುಂಬಿ ಬಂತು. ಮರುಕ್ಷಣ ಮಾ-ಪುಲಾನೆಯ ಮಂಜುಗಡ್ಡೆ ನೆನಪಾಗಿ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಭುಜಗಳನ್ನು ಕಿವಿಯವರೆಗೆ ಏರಿಸಿ ನಿಂತ. ನೀರು ತಲೆಯ ಮೇಲೆ ಬಿತ್ತು. ಕುತ್ತಿಗೆಯಿಂದ ಬೆನ್ನಿಗೆ, ಬೆನ್ನಿನಿಂದ ಕಾಲಿಗೆ ಇಳಿಯಿತು. ಅವನ ಭುಜಗಳು ಮೆಲ್ಲಗೆ ಕೆಳಗೆ ಬಂದವು. ಮೈಯಿಂದ ಹಬೆ ಏಳುತ್ತಿತ್ತು.

"ಬಿಸಿನೀರು!" ಎಂದು ಒಬ್ಬ ಮುದುಕಿ ಅರಚಿದಳು. "ಮಾ-ಲೆಫಾ, ಇದೆಲ್ಲಿಯ ಪದ್ಧತಿ? ತಣ್ಣೀರು ಹಾಕ್ಬೇಕು! ಕಾಯಿಸಿದ ನೀರು ಎಲ್ಲಾದ್ರೂ ಉಂಟೇ?"

"ನನ್ನ ಅಂಗಳ, ನನ್ನ ಪದ್ಧತಿ," ಎಂದರು ಮಾ-ಲೆಫಾ. "ಇವನು ಜ್ವರ ಬಂದು ಮಲಗಿದ್ರೆ ನನ್ನ ಮೊಮ್ಮಗಳಿಗೆ ಕಂಬಳಿ ಸುತ್ತೋರು ಯಾರು, ನೀನಾ?" ಆಮೇಲೆ ಅಳಿಯನ ಕಡೆ ತಿರುಗಿದರು. "ಎರಡು ತಿಂಗಳಿಗೆ ಬಂದು ತಾಯಿ ಮಗೂನ ಕರ್ಕೊಂಡು ಹೋಗಪ್ಪ. ಪೀಚೂ ಬೇಡ, ಗೀಚೂ ಬೇಡ. ಮುಖಕ್ಕೆ ಹಂದಿಕೊಬ್ಬು ಮಾತ್ರ ಹಚ್ಚಬೇಡ."

ಮೊಹಾಪಿ ಅಳುತ್ತಿದ್ದನೋ, ಅಥವಾ ಅದು ಬರೀ ನೀರೋ, ಹೇಳುವುದು ಕಷ್ಟವಾಗಿತ್ತು. ಅವನು ಕಣ್ಣು ಬಿಟ್ಟ. ಒಳಗಿನಿಂದ ಒಂದು ಎಳೆಯ ದನಿ ಅಳುವುದೂ, ಇನ್ನೊಂದು ದನಿ ಅದನ್ನು ಸಮಾಧಾನಪಡಿಸುವುದೂ ಕೇಳಿಸುತ್ತಿತ್ತು. ಅವನು ಹಬೆಯಾಡುತ್ತಿದ್ದ ಖಾಲಿ ಕೊಡವನ್ನೇ ಆಸೆಯಿಂದ ನೋಡಿದ.

"ಮ್ಮೆ," ಎಂದ ಬಹಳ ವಿನಯದಿಂದ, "ಒಳಗೆ ಸರಿಯಾಗಿ ಒಂದ್ಸಲ ನೋಡಿ. ಅವಳಿ ಏನಾದ್ರೂ ಇದ್ರೆ, ಇನ್ನೊಂದು ಕೊಡ ಹಾಕಿಬಿಡಿ."